ಅರ್ಧ ಬೆಲೆಯ ಲ್ಯಾಪ್‌ಟಾಪ್, ಡೀಲರ್ ಕೊಟ್ಟ ಕೊಟೇಶನ್: ಯಾವುದು ನಿಜವಾಗಿ ಅಗ್ಗ?

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನಮ್ಮದು ಬೀಜ, ಗೊಬ್ಬರ, ಕೀಟನಾಶಕದ ಹೋಲ್‌ಸೇಲ್ ವ್ಯಾಪಾರ. ಟ್ಯಾಲಿ, ಎಕ್ಸೆಲ್, ಇ-ವೇ ಬಿಲ್, ವಾಟ್ಸಾಪ್ ವೆಬ್, ಇಷ್ಟೇ ಕೆಲಸ. ಮೂರು ಲ್ಯಾಪ್‌ಟಾಪ್ ಬೇಕು. ಒಂದನ್ನು ನನ್ನ ತಮ್ಮ ಹಳ್ಳಿಗಳಿಗೆ ಹೋಗುವಾಗ ಒಯ್ಯುತ್ತಾನೆ. ಆನ್‌ಲೈನ್‌ನಲ್ಲಿ 76,990 ಎಂಆರ್‌ಪಿಯ ಲ್ಯಾಪ್‌ಟಾಪ್ ಶೇ. 50 ಡಿಸ್ಕೌಂಟ್‌ನಲ್ಲಿ 38,490 ರೂಪಾಯಿಗೆ ಇದೆ. ಅದರಲ್ಲಿ ರೈಜನ್ 5 7520ಯು, 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಹುಬ್ಬಳ್ಳಿಯ ಡೀಲರ್ ಥಿಂಕ್‌ಪ್ಯಾಡ್ ಇ14ಗೆ ಟ್ಯಾಕ್ಸ್ ಸೇರಿ 64,900 ಹೇಳುತ್ತಾರೆ. ಅದರಲ್ಲಿ ಐ5-1335ಯು, 16 ಜಿಬಿ, 512 ಜಿಬಿ. ಡಿಸ್ಕೌಂಟ್ ಕೇಳಿದರೆ "ಇದರಲ್ಲಿ ಅಷ್ಟೆಲ್ಲ ಬರಲ್ಲ ಸರ್" ಅಂತಾರೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹಳೇ ಡೆಲ್ ಲ್ಯಾಟಿಟ್ಯೂಡ್ 5480 16,000ಕ್ಕೆ ಸಿಗುತ್ತದಂತೆ. ಅಮೆರಿಕದಲ್ಲಿರುವ ಭಾವ "ಬರುವಾಗ ಒಂದು ತರ್ತೀನಿ" ಅಂದಿದ್ದಾರೆ. ಸರ್ಕಾರದ ಜೆಮ್ ಪೋರ್ಟಲ್‌ನಲ್ಲಿ ಇನ್ನೂ ಕಡಿಮೆ ಅಂತ ಒಬ್ಬ ಗೆಳೆಯ ಹೇಳಿದ. ಡೀಲರ್ ನಮಗೆ ಜಾಸ್ತಿ ಹೇಳ್ತಿದ್ದಾರಾ? ಒಳ್ಳೆ ಡಿಸ್ಕೌಂಟ್ ಎಲ್ಲಿ ಸಿಗುತ್ತದೆ?

ಉತ್ತರ: ಮೊದಲು ನಿಮ್ಮ ಅನುಮಾನಕ್ಕೆ ಬರೋಣ. ನೀವು ಕೊಟ್ಟ ಅಂಕಿಗಳನ್ನು ನೋಡಿದರೆ ಡೀಲರ್ ಮೋಸ ಮಾಡುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಚೌಕಾಸಿಗೆ ಜಾಗ ಇದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಈ ಎರಡು ಬೆಲೆಗಳು ಎರಡು ಬೇರೆ ಬೇರೆ ಮಾಲಿನವು. ಅವನ್ನು ಹಾಗೇ ಪಕ್ಕಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ. ಸಣ್ಣ ಆಫೀಸುಗಳಿಗೆ ಕಂಪ್ಯೂಟರ್ ಕೊಡಿಸುವುದು, ಕೆಟ್ಟಾಗ ಸರಿ ಮಾಡಿಸುವುದು ನನ್ನ ಕೆಲಸ. ಖರೀದಿಯಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಶೇ. 50 ಅಂದರೆ ಯಾವುದರ ಮೇಲೆ ಅಂತ ಕೇಳಿಕೊಳ್ಳಿ. ಎಂಆರ್‌ಪಿ ಅಂದರೆ ಅದಕ್ಕಿಂತ ಜಾಸ್ತಿಗೆ ಮಾರಬಾರದು ಅನ್ನುವ ಮಿತಿ. ಆ ಬೆಲೆಗೆ ಯಾರಾದರೂ ಕೊಂಡಿದ್ದಾರೆ ಅಂತ ಅರ್ಥವಲ್ಲ. ಲ್ಯಾಪ್‌ಟಾಪ್ ಡಬ್ಬದ ಮೇಲೆ ಕಂಪನಿಗಳು ಈ ಅಂಕಿಯನ್ನು ತುಂಬಾ ಮೇಲಿಟ್ಟು ಅಚ್ಚು ಹಾಕುತ್ತವೆ. ಹಬ್ಬ ಇರಲಿ ಇಲ್ಲದಿರಲಿ, ಮಾಲು ಮಾರಾಟವಾಗುವುದು ಅದಕ್ಕಿಂತ ಎಷ್ಟೋ ಕಡಿಮೆಗೆ. ಅದೇ ಮಾಡೆಲ್ ಕಳೆದ ಎರಡು ಮೂರು ತಿಂಗಳಲ್ಲಿ ಎಷ್ಟಕ್ಕೆ ಹೋಗುತ್ತಿತ್ತು ಅಂತ ನೋಡಿ. ಆಗ 40,000 ಇದ್ದದ್ದು ಈಗ 38,490 ಆಗಿದ್ದರೆ ನಿಮಗೆ ಸಿಕ್ಕ ಡಿಸ್ಕೌಂಟ್ 1,510 ರೂಪಾಯಿ, ಅಷ್ಟೇ. ಥಿಂಕ್‌ಪ್ಯಾಡ್‌ನಂಥ, ಆಫೀಸ್ ಬಳಕೆಗೆಂದೇ ಮಾಡಿದ ಬಿಸಿನೆಸ್ ಮಾಡೆಲ್ ಲ್ಯಾಪ್‌ಟಾಪ್‌ಗಳು ಹೆಚ್ಚಾಗಿ ಕೊಟೇಶನ್ ಮೇಲೆ ಮಾರಾಟವಾಗುತ್ತವೆ. ಇಳಿಸಿದ ಬೆಲೆಯನ್ನೇ ಹೇಳುವುದರಿಂದ ಅಲ್ಲಿ ಶೇಕಡಾ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ.

ಈಗ ಒಳಗಿನ ಮಾಲು ನೋಡೋಣ. ಪ್ರೊಸೆಸರ್ ಚಿಪ್ ರೈಜನ್ 5 7520ಯು ಅಂದಾಗ 7000 ಸರಣಿ, ಹೊಸದು ಅನ್ನಿಸುತ್ತದೆ ಅಲ್ವಾ? ಎಎಂಡಿ ಕಂಪನಿಯ ಈ ಸರಣಿಯಲ್ಲಿ ಮೂರನೇ ಅಂಕಿ ಮುಖ್ಯ. ಒಳಗಿರುವುದು ಯಾವ ತಲೆಮಾರಿನ ವಿನ್ಯಾಸ ಅಂತ ಹೇಳುವುದು ಅದೇ. 7520ಯುನಲ್ಲಿ ಅದು 2, ಅಂದರೆ ಝೆನ್ 2. ಆ ವಿನ್ಯಾಸ ಮೊದಲು ಬಂದದ್ದು 2019ರಲ್ಲಿ. 7530ಯು ಅಂದರೆ ಝೆನ್ 3, 7540ಯು ಅಂದರೆ ಝೆನ್ 4. ಮೂರರ ಮೇಲೂ "ರೈಜನ್ 5, 7000 ಸರಣಿ" ಅಂತಲೇ ಬರೆದಿರುತ್ತದೆ. 7520ಯುನಲ್ಲಿ 4 ಕೋರ್ (ಚಿಪ್‌ನೊಳಗೆ ಒಟ್ಟಿಗೆ ಕೆಲಸ ಮಾಡುವ ಘಟಕಗಳು) ಇವೆ. ಡೀಲರ್ ಹೇಳಿದ ಐ5-1335ಯುನಲ್ಲಿ 10 ಕೋರ್ ಇವೆ: 2 ದೊಡ್ಡವು, 8 ಸಣ್ಣವು. 7520ಯುನಲ್ಲಿ ಟ್ಯಾಲಿ ಓಡುವುದಿಲ್ಲ ಅಂತಲ್ಲ, ಓಡುತ್ತದೆ. ಆದರೆ ಟ್ಯಾಲಿ, ದೊಡ್ಡ ಎಕ್ಸೆಲ್ ಫೈಲ್, ಹತ್ತು ಬ್ರೌಸರ್ ಟ್ಯಾಬ್ ಒಟ್ಟಿಗೆ ತೆರೆದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ರ್‍ಯಾಮ್‌ನದು. 7520ಯು ಚಿಪ್ ಬೋರ್ಡಿಗೇ ಬೆಸುಗೆ ಹಾಕಿದ ರ್‍ಯಾಮ್ ಜೊತೆ ಮಾತ್ರ ಬರುತ್ತದೆ. 8 ಜಿಬಿ ತಗೊಂಡರೆ ಕೊನೆಯವರೆಗೂ 8 ಜಿಬಿಯೇ. ಅದರಲ್ಲಿ ಒಂದಿಷ್ಟನ್ನು ಗ್ರಾಫಿಕ್ಸ್ ತಗೊಳ್ಳುತ್ತದೆ. "ಈಗ 8 ಸಾಕು, ಆಮೇಲೆ ಹಾಕಿಸೋಣ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಸ್ಲಾಟ್ ಇರುವ ಲ್ಯಾಪ್‌ಟಾಪ್‌ಗೂ ಈಗ ಆ ಮಾತು ಲಾಭದ್ದಲ್ಲ. 2025ರ ಕೊನೆಯಿಂದ ಮೆಮೊರಿ ಬೆಲೆ ಜೋರಾಗಿ ಏರಿದೆ. ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದೇ ಕಾರಣ. ಹಾಗಾಗಿ 16 ಜಿಬಿಯದನ್ನೇ ತಗೊಳ್ಳಿ. ಈ ಒಂದು ವಿಷಯದಲ್ಲಿ ರಾಜಿ ಬೇಡ.

ಡೀಲರ್ "ಥಿಂಕ್‌ಪ್ಯಾಡ್ ಇ14" ಅಂತ ಮಾತ್ರ ಹೇಳಿದ್ದಾರೆ. ಅದೂ ಸಾಲದು. ಇ14 ಎಂಬ ಹೆಸರಿನಲ್ಲಿ ಹಲವು ಜನರೇಶನ್ ಇವೆ. 1335ಯು ಇರುವುದರಿಂದ ಅದು ಬಹುಶಃ ಜೆನ್ 5, ಅಂದರೆ ಐದನೇ ಜನರೇಶನ್ ಇರಬೇಕು (ಮೇಲೆ ಹೇಳಿದ ಝೆನ್ ಬೇರೆ). ಜೆನ್ 5ರಲ್ಲಿ ಸ್ವಲ್ಪ ರ್‍ಯಾಮ್ ಬೆಸುಗೆ ಹಾಕಿರುತ್ತದೆ, ಜೊತೆಗೆ ಒಂದು ಸ್ಲಾಟ್ ಇರುತ್ತದೆ. ಜೆನ್ 6ರಲ್ಲಿ ಎರಡೂ ಸ್ಲಾಟ್. ಒಂದೇ ಜನರೇಶನ್ ಒಳಗೂ ಸ್ಕ್ರೀನ್, ಬ್ಯಾಟರಿ, ವಿಂಡೋಸ್, ವಾರಂಟಿ ಬದಲಾಗುತ್ತವೆ. ಇದನ್ನೆಲ್ಲ ಖಚಿತ ಮಾಡುವುದು ಪಾರ್ಟ್ ನಂಬರ್ ಒಂದೇ. ಇಂಗ್ಲಿಷ್ ಅಕ್ಷರ, ಅಂಕಿ ಸೇರಿದ ಉದ್ದದ ನಂಬರ್ ಅದು. ಥಿಂಕ್‌ಪ್ಯಾಡ್ ಮಾಡುವ ಲೆನೊವೊಗೆ ಪಿಎಸ್‌ರೆಫ್ ಅನ್ನುವ ಸೈಟ್ ಇದೆ. ಅಲ್ಲಿ ನಂಬರ್ ಹಾಕಿದರೆ ಆ ಡಬ್ಬದೊಳಗೆ ಏನಿದೆ ಅಂತ ಒಂದೊಂದೂ ತೋರಿಸುತ್ತದೆ. ಎಚ್‌ಪಿಯಲ್ಲಿ ಕ್ವಿಕ್‌ಸ್ಪೆಕ್ಸ್ ಅಂತ ದಾಖಲೆ ಇದೆ. ಡೆಲ್‌ನಲ್ಲಿ ಸರ್ವಿಸ್ ಟ್ಯಾಗ್ ಹಾಕಿ ನೋಡಬಹುದು. ಪಾರ್ಟ್ ನಂಬರ್ ಇಲ್ಲದ ಕೊಟೇಶನ್ ಅನ್ನು ಬೇರೆ ಕೊಟೇಶನ್ ಜೊತೆ ಹೋಲಿಸಲು ಹೋಗಬೇಡಿ.

ನಂಬರ್ ಸಿಕ್ಕ ಮೇಲೆ ಸ್ಕ್ರೀನ್ ಸಾಲನ್ನು ಓದಿ. ಬೆಳಕು ನಿಟ್ಸ್ ಲೆಕ್ಕದಲ್ಲಿರುತ್ತದೆ. 250 ನಿಟ್ಸ್ ಇದ್ದರೆ ಗೋದಾಮಿನ ಬಾಗಿಲ ಬಳಿ, ಹೊಲದ ಬದಿಯಲ್ಲಿ ಓದಲು ಕಷ್ಟ. ತಮ್ಮನಿಗೆ 300ಕ್ಕಿಂತ ಕಡಿಮೆ ಬೇಡ, 400 ಸಿಕ್ಕರೆ ಒಳ್ಳೆಯದು. ಟಿಎನ್ ಪ್ಯಾನೆಲ್ (ಪಕ್ಕದಿಂದ ನೋಡಿದರೆ ಮಂಕಾಗುವ ಅಗ್ಗದ ಸ್ಕ್ರೀನ್) ಅಂತ ಇದ್ದರೆ ಬಿಡಿ, ಐಪಿಎಸ್ ಪ್ಯಾನೆಲ್ ಕೇಳಿ.

ಬ್ರಾಂಡ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಬ್ರಾಂಡ್‌ನ ಮೇಲಿನ, ಕೆಳಗಿನ ಸಾಲುಗಳ ನಡುವಿನ ಅಂತರವೇ ದೊಡ್ಡದು. ಥಿಂಕ್‌ಪ್ಯಾಡ್‌ನಲ್ಲಿ ಇ ಮೊದಲ ಮೆಟ್ಟಿಲು, ನಂತರ ಎಲ್, ಅದರ ಮೇಲೆ ಟಿ. ಎಚ್‌ಪಿಯಲ್ಲಿ ಪ್ರೋಬುಕ್, ಅದರ ಮೇಲೆ ಎಲೈಟ್‌ಬುಕ್. ಡೆಲ್ 2025ರ ಜನವರಿಯಲ್ಲಿ ಲ್ಯಾಟಿಟ್ಯೂಡ್ ಹೆಸರನ್ನು ಕೈಬಿಟ್ಟು ಡೆಲ್ ಪ್ರೋ, ಪ್ರೋ ಪ್ಲಸ್, ಪ್ರೋ ಪ್ರೀಮಿಯಂ ಅಂತ ಮಾಡಿತು. ಅಸೂಸ್‌ನ ಎಕ್ಸ್‌ಪರ್ಟ್‌ಬುಕ್, ಏಸರ್‌ನ ಟ್ರಾವೆಲ್‌ಮೇಟ್ ಕೂಡ ಇದೇ ಸಾಲಿನವು. ನಿಮ್ಮ ಕೆಲಸಕ್ಕೆ ಮೊದಲ ಮೆಟ್ಟಿಲಿನವು ಸಾಕು. ಹಳೇ ಹೆಸರಿನ ಲ್ಯಾಟಿಟ್ಯೂಡ್ ಹೊಸ ಸ್ಟಾಕ್ ಎಲ್ಲಾದರೂ ಉಳಿದಿದ್ದರೆ ಕೇಳಿ ನೋಡಿ. ಹೆಸರು ಹಳತಾದ ಮಾಲನ್ನು ಡೀಲರ್‌ಗಳು ಬೇಗ ಖಾಲಿ ಮಾಡಲು ನೋಡುತ್ತಾರೆ.

ಇನ್ನು ನೀವು ಪತ್ರದಲ್ಲಿ ಬರೆಯದೆ ಬಿಟ್ಟಿರುವ ವಾರಂಟಿಗೆ ಬರುತ್ತೇನೆ. ನನ್ನ ಪ್ರಕಾರ ನಿಮ್ಮ ಊರಿನ ಮಟ್ಟಿಗೆ ಬೆಲೆಗಿಂತ ಇದು ಮುಖ್ಯ. ಆನ್‌ಲೈನ್‌ನ ಅಗ್ಗದ ಮಾಡೆಲ್‌ಗೆ ಸಾಮಾನ್ಯವಾಗಿ 1 ವರ್ಷದ ವಾರಂಟಿ, ಅದೂ ಎಷ್ಟೋ ಸಲ ನೀವೇ ಸರ್ವಿಸ್ ಸೆಂಟರ್‌ಗೆ ಒಯ್ಯಬೇಕಾದದ್ದು. ಅಂದರೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ಕೊಡಬೇಕು, ಮತ್ತೆ ಹೋಗಿ ತರಬೇಕು. ಮುಂಗಾರು ಬಿತ್ತನೆಯ ದಿನಗಳಲ್ಲಿ ಅಂಗಡಿ ಮುಂದೆ ಜನ ನಿಂತಿರುವಾಗ ಬಿಲ್ಲಿಂಗ್ ಲ್ಯಾಪ್‌ಟಾಪ್ ಒಂದು ವಾರ ಸರ್ವಿಸ್ ಸೆಂಟರ್‌ನಲ್ಲಿದ್ದರೆ ಆಗುವ ನಷ್ಟ ನಿಮಗೇ ಗೊತ್ತು. ಆನ್‌ಸೈಟ್ ವಾರಂಟಿ ಇದ್ದರೆ ಟೆಕ್ನಿಶಿಯನ್ ಪಾರ್ಟ್ ಹಿಡಿದು ನಿಮ್ಮ ಅಂಗಡಿಗೇ ಬರುತ್ತಾರೆ. ಆದರೆ ಕೆಲವು ಪಿನ್‌ಕೋಡ್‌ಗಳಿಗೆ ಆನ್‌ಸೈಟ್ ಸೇವೆ ಇರುವುದಿಲ್ಲ, ಕೆಲವಕ್ಕೆ ತಡವಾಗುತ್ತದೆ. ನಿಮ್ಮ ಪಿನ್‌ಕೋಡ್‌ಗೆ ಇದೆಯೇ ಅಂತ ಕಂಪನಿಯ ಸಹಾಯವಾಣಿಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಡೀಲರ್ ಬಾಯಿಮಾತು ಸಾಲದು.

ಬಿಸಿನೆಸ್ ಲ್ಯಾಪ್‌ಟಾಪ್‌ಗೆ 3 ವರ್ಷ ವಾರಂಟಿ ಇದ್ದೇ ಇರುತ್ತದೆ ಅನ್ನುವುದೂ ತಪ್ಪು ನಂಬಿಕೆ. ದೊಡ್ಡ ಕಂಪನಿಗಳಿಗೆ ಹೋಗುವ ಮಾಲಿಗೆ ಹಾಗಿರುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಅದೇ ಮಾಡೆಲ್‌ಗೆ 1 ವರ್ಷ ಇರಬಹುದು. ಬ್ಯಾಟರಿಗೆ ಸಾಮಾನ್ಯವಾಗಿ ಬೇರೆಯೇ ಲೆಕ್ಕ, ಹೆಚ್ಚಾಗಿ 1 ವರ್ಷ. ಬಿದ್ದು ಒಡೆದರೆ, ನೀರು ಚೆಲ್ಲಿದರೆ ಮಾಮೂಲಿ ವಾರಂಟಿ ಬರುವುದಿಲ್ಲ. ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಕವರ್ ಬೇಕು. ತಮ್ಮನ ಲ್ಯಾಪ್‌ಟಾಪ್‌ಗೆ ಇದನ್ನು ಖಂಡಿತ ಹಾಕಿಸಿ. ಇವನ್ನೆಲ್ಲ ಕೊಳ್ಳುವಾಗಲೇ ಸೇರಿಸಿಕೊಂಡರೆ ಕಡಿಮೆಗೆ ಬರುತ್ತದೆ.

ಟ್ಯಾಕ್ಸ್ ಲೆಕ್ಕ ಹೀಗೆ. ಲ್ಯಾಪ್‌ಟಾಪ್ ಮೇಲೆ ಜಿಎಸ್‌ಟಿ ಶೇ. 18. ಡೀಲರ್‌ನ 64,900ರಲ್ಲಿ ಮಾಲಿನ ಬೆಲೆ 55,000, ಜಿಎಸ್‌ಟಿ 9,900. ನಿಮ್ಮ ಜಿಎಸ್‌ಟಿ ನಂಬರ್ ಹಾಕಿದ ಬಿಲ್ ತಗೊಂಡು, ಅದು ಜಿಎಸ್‌ಟಿ ಪೋರ್ಟಲ್‌ನ ನಿಮ್ಮ ಖರೀದಿ ಪಟ್ಟಿಯಾದ 2ಬಿಯಲ್ಲಿ ಕಾಣಿಸಿದರೆ ಈ 9,900ಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟು ಕಳೆಯಬಹುದು. ಆನ್‌ಲೈನ್‌ನಲ್ಲಿ ಕೆಲವು ಮಾರಾಟಗಾರರು ಮಾತ್ರ ಜಿಎಸ್‌ಟಿ ಬಿಲ್ ಕೊಡುತ್ತಾರೆ. ಆರ್ಡರ್ ಹಾಕುವಾಗಲೇ ನಂಬರ್ ಕೊಡಬೇಕು, ಮರೆತರೆ ಆಮೇಲೆ ತಿದ್ದಿಸುವುದು ಕಷ್ಟ. ಬಿಲ್ ಸರಿ ಇಲ್ಲದಿದ್ದರೆ 38,490 ಪೂರ್ತಿ ನಿಮ್ಮ ಖರ್ಚು. ಆಗ ನೀವು ಹೋಲಿಸಬೇಕಾದದ್ದು 38,490 ಮತ್ತು 55,000. ನಡುವೆ 16,510 ಅಂತರ. ಆ ಹಣಕ್ಕೆ ಎರಡರಷ್ಟು ರ್‍ಯಾಮ್, ಒಳ್ಳೆ ಚಿಪ್, ಗಟ್ಟಿ ಕೀಬೋರ್ಡ್ ಮತ್ತು ಹಿಂಜ್ ಬರುತ್ತವೆ. ಹೀಗೆ ನೋಡಿದರೆ ಡೀಲರ್ ಬೆಲೆ ವಿಪರೀತ ಅನ್ನಿಸುವುದಿಲ್ಲ.

ನಿಮ್ಮ ವ್ಯಾಪಾರದಲ್ಲಿ ಇನ್ನೊಂದು ಸಂಗತಿ ಇದೆ. ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲ, ಗೊಬ್ಬರ ಮತ್ತು ಕೀಟನಾಶಕಕ್ಕೆ ಇದೆ. ಎರಡನ್ನೂ ಮಾರುವವರಿಗೆ ಇಂಥ ಖರೀದಿಯ ಪೂರ್ತಿ ಕ್ರೆಡಿಟ್ ಉಳಿಯುವುದಿಲ್ಲ. ತೆರಿಗೆ ಇಲ್ಲದ ವ್ಯಾಪಾರದ ಪಾಲಿನಷ್ಟು ವಾಪಸ್ ಕಟ್ಟಬೇಕಾಗುತ್ತದೆ. ನಿಮ್ಮ ಪಾಲು ಎಷ್ಟು ಅಂತ ಆಡಿಟರ್ ಹತ್ತಿರ ಕೇಳಿ, ಆಮೇಲೆ 55,000ದ ಲೆಕ್ಕ ಸರಿಮಾಡಿಕೊಳ್ಳಿ. ಕಾಂಪೋಸಿಷನ್ ಸ್ಕೀಮ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಇಂತಿಷ್ಟು ಅಂತ ಜಿಎಸ್‌ಟಿ ಕಟ್ಟುವ ವ್ಯವಸ್ಥೆ) ಕ್ರೆಡಿಟ್ ಇಲ್ಲವೇ ಇಲ್ಲ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ ಶೇ. 40 ಸವಕಳಿ ಸಿಗುತ್ತದೆ. ಆ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಅಂದರೆ ಅಕ್ಟೋಬರ್ ಮೊದಲೆರಡು ದಿನದೊಳಗೆ ಬಳಕೆಗೆ ಬಂದರೆ ಆ ವರ್ಷವೇ ಪೂರ್ತಿ ಲಾಭ. ಅಂದಾಜು ಆದಾಯದ ಸ್ಕೀಮ್‌ನಲ್ಲಿ ರಿಟರ್ನ್ ಹಾಕುವವರಿಗೆ ಇದು ಅನ್ವಯಿಸುವುದಿಲ್ಲ.

ಹಾಗಾದರೆ ನಿಜವಾದ ಡಿಸ್ಕೌಂಟ್ ಎಲ್ಲಿದೆ? ಡೀಲರ್ ಹತ್ತಿರವೇ ಇದೆ. ಕೇಳುವ ರೀತಿ ಬದಲಿಸಬೇಕು. ನೀವು ಒಂದು ಲ್ಯಾಪ್‌ಟಾಪ್‌ನ ಬೆಲೆ ಕೇಳಿದ್ದೀರಿ. ಮೂರಕ್ಕೆ ಒಟ್ಟಿಗೆ, ಫರ್ಮ್ ಹೆಸರಿನಲ್ಲಿ, ಲಿಖಿತವಾಗಿ ಕೊಟೇಶನ್ ಕೇಳಿ. ಬಿಸಿನೆಸ್ ಮಾಡೆಲ್‌ಗಳಿಗೆ ಕಂಪನಿಗಳು ಸ್ಪೆಷಲ್ ಬೆಲೆ ಕೊಡುವ ವ್ಯವಸ್ಥೆ ಇದೆ. ಡೀಲರ್ ನಿಮ್ಮ ಫರ್ಮ್ ಹೆಸರು ಹಾಕಿ ಕಂಪನಿಗೆ ಡೀಲ್ ರಿಜಿಸ್ಟರ್ ಮಾಡಿ ಬೆಲೆ ತರಿಸುತ್ತಾರೆ. ಮೂರಕ್ಕೆ ಸಿಗದೆಯೂ ಇರಬಹುದು, ಆದರೆ ಕೇಳದಿದ್ದರೆ ಯಾರೂ ತಾವಾಗಿ ತರಿಸುವುದಿಲ್ಲ. ಇಲ್ಲೊಂದು ಎಚ್ಚರಿಕೆ ಬೇಕು. ಮೊದಲು ರಿಜಿಸ್ಟರ್ ಮಾಡಿದ ಡೀಲರ್‌ಗೇ ಆ ಬೆಲೆ ಸಿಗುವುದು ವಾಡಿಕೆ. ಒಂದೇ ಬ್ರಾಂಡ್‌ಗೆ ಐದು ಡೀಲರ್‌ಗಳನ್ನು ಸುತ್ತಿದರೆ ಉಳಿದ ನಾಲ್ವರ ಕೈ ಕಟ್ಟಿಹಾಕಿದಂತೆ ಆಗುತ್ತದೆ. ಒಬ್ಬರ ಹತ್ತಿರ ಲೆನೊವೊ, ಇನ್ನೊಬ್ಬರ ಹತ್ತಿರ ಎಚ್‌ಪಿ, ಮತ್ತೊಬ್ಬರ ಹತ್ತಿರ ಡೆಲ್ ಕೇಳಿ. ಪೈಪೋಟಿ ಬ್ರಾಂಡ್‌ಗಳ ನಡುವೆ ಇರಲಿ.

ಸಮಯವೂ ಕೆಲಸ ಮಾಡುತ್ತದೆ. ದಸರಾ, ದೀಪಾವಳಿ ಆಫರ್‌ಗಳು ಹೆಚ್ಚಾಗಿ ಮನೆ ಬಳಕೆಯ ಮಾಡೆಲ್‌ಗಳಿಗೆ. ಬಿಸಿನೆಸ್ ಮಾಡೆಲ್‌ಗಳಲ್ಲಿ ಕಂಪನಿಯ ಕ್ವಾರ್ಟರ್ ಮುಗಿಯುವ ವಾರಗಳು ಒಳ್ಳೆಯವು. ಆಗ ಟಾರ್ಗೆಟ್ ಮುಟ್ಟಿಸುವ ಅವಸರ ಇರುತ್ತದೆ. ಲೆನೊವೊದ ಹಣಕಾಸು ವರ್ಷ ಮಾರ್ಚ್‌ಗೆ ಮುಗಿಯುತ್ತದೆ, ಎಚ್‌ಪಿಯದು ಅಕ್ಟೋಬರ್ 31ಕ್ಕೆ, ಡೆಲ್‌ನದು ಜನವರಿ ಕೊನೆಯ ಆಸುಪಾಸಿಗೆ. ಡೀಲರ್ ಬೆಲೆ ಇಳಿಸಲು ಒಪ್ಪದಿದ್ದರೆ "ಬೆಲೆ ಇರಲಿ, 3 ವರ್ಷ ಆನ್‌ಸೈಟ್ ಸೇರಿಸಿ ಕೊಡಿ" ಅಂತ ಕೇಳಿ. ನನ್ನ ಅನುಭವದಲ್ಲಿ ಈ ಬೇಡಿಕೆಗೆ ಬೇಗ ಹೂಂ ಅನ್ನುತ್ತಾರೆ. ಲೆನೊವೊ, ಡೆಲ್, ಎಚ್‌ಪಿ ಮೂರೂ ಕಂಪನಿಗಳ ಸ್ವಂತ ಆನ್‌ಲೈನ್ ಅಂಗಡಿಗಳಿವೆ. ಅಲ್ಲಿನ ಬೆಲೆಯನ್ನೂ ಒಮ್ಮೆ ನೋಡಿಕೊಂಡು ಹೋಗಿ, ಮಾತಿಗೆ ಬಲ ಬರುತ್ತದೆ.

ಕಾರ್ಡ್ ಆಫರ್ ಸಿಕ್ಕರೆ ತಗೊಳ್ಳಿ, ಅದು ನಿಜವಾದ ಉಳಿತಾಯ. ನೋ-ಕಾಸ್ಟ್ ಇಎಂಐ ಬಗ್ಗೆ ಮಾತ್ರ ಹುಷಾರು. ಅಲ್ಲಿ ಬಡ್ಡಿ ಇದ್ದೇ ಇರುತ್ತದೆ, ಅಷ್ಟು ಮೊತ್ತವನ್ನು ಬೆಲೆಯಲ್ಲಿ ಕಳೆದು ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಿಮ್ಮ ಮೇಲೇ ಬೀಳುತ್ತದೆ. ಶೂನ್ಯ ಬಡ್ಡಿ ಅನ್ನುವುದು ಇಲ್ಲವೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಜೆಮ್ ಪೋರ್ಟಲ್ ವಿಷಯ ಬಿಟ್ಟುಬಿಡಿ. ಅಲ್ಲಿ ಕೊಳ್ಳುವ ಅವಕಾಶ ಸರ್ಕಾರಿ ಇಲಾಖೆ, ಸಂಸ್ಥೆಗಳು ಮತ್ತು ಸಹಕಾರ ಸಂಘಗಳಂಥವಕ್ಕೆ ಮಾತ್ರ. ನಿಮ್ಮಂಥ ಫರ್ಮ್ ಅಲ್ಲಿ ಮಾರಬಹುದು, ಕೊಳ್ಳಲು ಆಗದು.

ಭಾವನವರು ತರುವುದಾದರೆ ಕಸ್ಟಮ್ಸ್ ತೊಂದರೆ ಇಲ್ಲ. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಆದರೆ ಇಲ್ಲಿನ ಬಿಲ್ ಇಲ್ಲ, ಹಾಗಾಗಿ ಕ್ರೆಡಿಟ್ ಇಲ್ಲ. ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಅನ್ನುವುದು ಮಾಡೆಲ್ ಮೇಲೆ ಹೋಗುತ್ತದೆ. ಮನೆ ಮಕ್ಕಳ ಓದಿಗೆ ಆದರೆ ತರಿಸಿ. ಬಿಲ್ಲಿಂಗ್ ಟೇಬಲ್‌ಗೆ ನಾನು ಬೇಡ ಅನ್ನುತ್ತೇನೆ.

ಹಳೇ ಲ್ಯಾಪ್‌ಟಾಪ್ ಕೆಟ್ಟ ಆಯ್ಕೆ ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್ ಟಿ ಸರಣಿಯವು ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ಗಟ್ಟಿ ಇರುತ್ತವೆ. ಆದರೆ ನೀವು ಹೇಳಿದ 5480 ಬೇಡ. ಅದರಲ್ಲಿರುವುದು ಇಂಟೆಲ್‌ನ 6 ಅಥವಾ 7ನೇ ತಲೆಮಾರಿನ ಚಿಪ್. ವಿಂಡೋಸ್ 11ಕ್ಕೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಬ್ಯಾಂಕ್, ಜಿಎಸ್‌ಟಿ ಲಾಗಿನ್ ನಡೆಯುವ ಯಂತ್ರ ಅದಾಗಬಾರದು. ಹಳೆಯದೇ ಬೇಕಿದ್ದರೆ ಲ್ಯಾಟಿಟ್ಯೂಡ್ 5410, 5420 ಅಥವಾ ಥಿಂಕ್‌ಪ್ಯಾಡ್ ಟಿ14ರ ಮೊದಲ ಎರಡು ಜನರೇಶನ್ ನೋಡಿ. ಕೊಳ್ಳುವ ಮೊದಲು ಅಂಗಡಿಯಲ್ಲೇ ವಿಂಡೋಸ್ ರೀಸೆಟ್ ಮಾಡಿಸಿ, ಇಂಟರ್ನೆಟ್‌ಗೆ ಜೋಡಿಸಿ. ಯಾವುದೋ ಕಂಪನಿಯ ಹೆಸರು ಬಂದು ಆಫೀಸ್ ಲಾಗಿನ್ ಕೇಳಿದರೆ ಅದು ಇನ್ನೂ ಆ ಕಂಪನಿಯ ಖಾತೆಯಲ್ಲಿದೆ ಅಂತ ಅರ್ಥ, ಮುಟ್ಟಬೇಡಿ. ಬಯಾಸ್ ಪಾಸ್‌ವರ್ಡ್ (ವಿಂಡೋಸ್‌ಗಿಂತ ಕೆಳಗಿನ ಮೂಲ ಸೆಟ್ಟಿಂಗ್‌ಗಳಿಗೆ ಹಾಕಿದ ಬೀಗ) ಇದೆಯೇ ಅಂತಲೂ ನೋಡಿ. ಬ್ಯಾಟರಿ ರಿಪೋರ್ಟ್ ತೆಗೆಸಿ, ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಈಗ ಎಷ್ಟು ಉಳಿದಿದೆ ಅಂತ ಓದಿ.

ನಿಮ್ಮ ಜಾಗದಲ್ಲಿದ್ದರೆ ನಾನು ಬಿಲ್ಲಿಂಗ್‌ಗೆ ಮತ್ತು ತಮ್ಮನಿಗೆ ಹೊಸ ಬಿಸಿನೆಸ್ ಲ್ಯಾಪ್‌ಟಾಪ್ ಕೊಡಿಸುತ್ತಿದ್ದೆ, 16 ಜಿಬಿ, 3 ವರ್ಷ ಆನ್‌ಸೈಟ್ ಜೊತೆಗೆ. ಮೂರನೆಯದು ಪತ್ರ, ಸ್ಟಾಕ್ ನೋಡುವ ಟೇಬಲ್‌ಗಾದರೆ ಒಳ್ಳೆಯ ಹಳೇ ಮಾಡೆಲ್ ನಡೆಯುತ್ತದೆ. ಮೂರೂ ಹೊಸದೇ ಕೊಂಡರೆ ಮಾತಿಗೆ ಬಲ ಹೆಚ್ಚು ಅನ್ನುವುದೂ ನಿಜ, ಹಾಗಾಗಿ ಎರಡಕ್ಕೂ ಮೂರಕ್ಕೂ ಬೇರೆ ಬೇರೆ ಕೊಟೇಶನ್ ತರಿಸಿ. ವಿಂಡೋಸ್ ಇಲ್ಲದ "ಡಾಸ್" ಮಾಡೆಲ್ ಬೇಡ. ಉಳಿದ ಹಣಕ್ಕೆ ಕಳ್ಳ ವಿಂಡೋಸ್ ಹಾಕಿಸಿಕೊಳ್ಳುವಂತಾಗುತ್ತದೆ, ಅದರ ಜೊತೆ ವೈರಸ್ ಬಂದರೆ ಟ್ಯಾಲಿ ಡೇಟಾ ಹೋಗುತ್ತದೆ. ಮೂವರೂ ಒಂದೇ ಹೊತ್ತಿಗೆ ಟ್ಯಾಲಿ ತೆರೆಯುವುದಾದರೆ ಸಿಲ್ವರ್ ಲೈಸೆನ್ಸ್ ಒಬ್ಬರಿಗೆ ಮಾತ್ರ, ಗೋಲ್ಡ್ ಬೇಕಾಗುತ್ತದೆ. ಆ ಖರ್ಚನ್ನೂ ಈಗಲೇ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಮಾಲು ಬಂದ ದಿನ ಪೂರ್ತಿ ಹಣ ಕೊಡುವ ಮೊದಲು ಡಬ್ಬದ ಮೇಲಿನ ಪಾರ್ಟ್ ನಂಬರ್, ಕೊಟೇಶನ್‌ನಲ್ಲಿರುವ ನಂಬರ್, ಬಿಲ್‌ನಲ್ಲಿರುವ ನಂಬರ್ ಮೂರೂ ಒಂದೇ ಇವೆಯೇ ನೋಡಿ. ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ. ಅಲ್ಲಿ ಭಾರತ ಅಂತ, 3 ವರ್ಷ ಅಂತ, ಆನ್‌ಸೈಟ್ ಅಂತ ಬರಬೇಕು. ವಾರಂಟಿ ಹಳೇ ತಾರೀಖಿನಿಂದ ಶುರುವಾಗಿದ್ದರೆ ನಿಮ್ಮ ಬಿಲ್ ಕಳಿಸಿ ತಿದ್ದಿಸಲು ಡೀಲರ್‌ಗೇ ಹೇಳಿ. ವಾರಂಟಿಯನ್ನು ಆಮೇಲೆ ಸೇರಿಸುತ್ತೇವೆ ಅಂದರೆ ಅದು ಪುಟದಲ್ಲಿ ಕಾಣುವ ತನಕ ಸ್ವಲ್ಪ ಹಣ ಬಾಕಿ ಇಟ್ಟುಕೊಳ್ಳಿ.